ಚಿಂತಾಮಣಿ ಮೇಷ್ಟ್ರ ಭಾನುವಾರದ ಕ್ಲಾಸು: ಆರು ವಾರ, 2,400 ರೂಪಾಯಿ, ನಾನು ಕಂಡಿದ್ದು

ಮೊದಲೇ ಹೇಳಿಬಿಡುತ್ತೇನೆ, ಮೇಷ್ಟ್ರ ಹೆಸರು ಹಾಕುತ್ತಿಲ್ಲ. ಅವರೇ ಬೇಡ ಅಂದರು. "ಹೊಗಳಿದರೆ ಜಾಹೀರಾತು ಅಂತಾರೆ, ಬೈದರೆ ನನಗೆ ಬೇಜಾರಾಗುತ್ತೆ, ಎರಡೂ ಬೇಡ ಕಣಮ್ಮ." ಚಿಂತಾಮಣಿಯವರಿಗೆ ಯಾರು ಅಂತ ಹೇಗೂ ಗೊತ್ತಾಗುತ್ತೆ. ಬೇರೆ ಊರಿನವರಿಗೆ ಹೆಸರು ಕಟ್ಟಿಕೊಂಡು ಏನೂ ಆಗಬೇಕಿಲ್ಲ.

ವಿಷಯ ಇಷ್ಟು. ಇವರು ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು, ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದವರು. ಏಳರಿಂದ ಹತ್ತನೇ ಕ್ಲಾಸಿನವರೆಗಿನ ಹದಿನಾಲ್ಕು ಮಕ್ಕಳನ್ನು ಸೇರಿಸಿಕೊಂಡು ಆರು ಭಾನುವಾರ ನಮ್ಮ ಸುತ್ತಮುತ್ತಲಿನ ಇತಿಹಾಸ ತೋರಿಸುತ್ತಾರೆ. ಒಂದು ಟೆಂಪೋ ಟ್ರಾವೆಲರ್. ಬೆಳಿಗ್ಗೆ ಏಳೂವರೆಗೆ ಬಸ್ ಸ್ಟ್ಯಾಂಡ್ ಹತ್ತಿರ ಹತ್ತಬೇಕು. ಒಂದು ಮಗುವಿಗೆ 2,400 ರೂಪಾಯಿ, ಅದರಲ್ಲಿ ಡೀಸೆಲ್ಲು, ಡ್ರೈವರ್ ಬಾಟಾ ಎಲ್ಲಾ ಬಂತು. ಮಧ್ಯಾಹ್ನದ ಊಟ ಮಾತ್ರ ಸರದಿ ಮೇಲೆ ಒಬ್ಬೊಬ್ಬರ ಮನೆಯವರದು. ಪ್ರತಿ ವಾರ ಇಬ್ಬರು ಪೋಷಕರು ಜೊತೆಗೆ ಹೋಗಬೇಕು. ಭಾನುವಾರ ನನ್ನ ಅಂಗಡಿಗೆ ರಜ, ಹಾಗಾಗಿ ಆರರಲ್ಲಿ ನಾಲ್ಕಕ್ಕೆ ನಾನೇ ಹೋದೆ. ಮಗಳಿಗೆ ಅದು ಅಷ್ಟೇನೂ ಇಷ್ಟ ಆಗಲಿಲ್ಲ, ಇರಲಿ.

ಯಾಕೆ ಸೇರಿಸಿದೆ ಅಂತ ಹೇಳಬೇಕು. ನನ್ನ ತಮ್ಮ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅವನ ಮಗಳು ಅಲ್ಲಿ ಒಂಬತ್ತನೇ ಕ್ಲಾಸು. ಒಂದು ದಿನ ವಿಡಿಯೋ ಕಾಲಿನಲ್ಲಿ ಆ ಹುಡುಗಿ ನನ್ನ ಮಗಳಿಗೆ ಭಗತ್ ಸಿಂಗ್ ಬಗ್ಗೆ ಹೇಳುತ್ತಿದ್ದಳು. ನಮ್ಮವಳು "ನನಗೂ ಗೊತ್ತು, ಗಲ್ಲಿಗೆ ಹಾಕಿದರು" ಅಂದಳು. ಅಲ್ಲವಂತೆ. ಇವರು ಭಗತ್ ಸಿಂಗ್ ಥಿಂಡ್ ಅಂತ ಬೇರೆಯವರು. ಅಮೆರಿಕದ ಸೈನ್ಯದಲ್ಲಿದ್ದವರು, ಅಲ್ಲಿಯ ಪೌರತ್ವ ಕೇಳಿದರು. 1923ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ನೀನು ಬಿಳಿಯ ಅಲ್ಲ, ಆಗಲ್ಲ ಅಂತ ಹೇಳಿತು. ನಮ್ಮವರಿಗೆ ಅಲ್ಲಿ ಪೌರತ್ವ ಕೇಳುವ ಹಕ್ಕು ಸಿಕ್ಕಿದ್ದು 1946ರಲ್ಲಿ. ಇದನ್ನೆಲ್ಲ ಅವಳು ಶಾಲೆಯಲ್ಲಿ ಎತ್ನಿಕ್ ಸ್ಟಡೀಸ್ ಅನ್ನೋ ಪಾಠದಲ್ಲಿ ಕಲಿತಿದ್ದಳು. ಆಮೇಲೆ ಅವಳು ಕೇಳಿದ ಪ್ರಶ್ನೆ, "ಚಿಂತಾಮಣಿಯಲ್ಲಿ ಏನೇನಾಗಿತ್ತು?" ನನ್ನ ಮಗಳ ಉತ್ತರ, "ನಮ್ಮೂರಲ್ಲಿ ಏನೂ ಆಗಿಲ್ಲ."

ನನಗೆ ಅದು ಚುಚ್ಚಿತು. ನನ್ನನ್ನು ಕೇಳಿದ್ದರೂ ಆವತ್ತು ನಾನೂ ಅದನ್ನೇ ಹೇಳುತ್ತಿದ್ದೆ.

ಎತ್ನಿಕ್ ಸ್ಟಡೀಸ್ ಅಂದರೆ ಏನು ಅಂತ ತಮ್ಮನ ಹತ್ತಿರ ಕೇಳಿದೆ, ಆಮೇಲೆ ನಾನೇ ಒಂದಿಷ್ಟು ಓದಿದೆ. ಪಾಠದ ಪುಸ್ತಕದಲ್ಲಿ ಜಾಗ ಸಿಗದ ಜನರ ಚರಿತ್ರೆ, ಕಪ್ಪು ಜನರದು, ಮೂಲನಿವಾಸಿಗಳದು, ಮೆಕ್ಸಿಕೋ ಕಡೆಯವರದು, ಏಷ್ಯಾದಿಂದ ಹೋದವರದು. ಅದು ಸರ್ಕಾರ ತಾನಾಗಿ ಕರೆದು ಕೊಟ್ಟಿದ್ದಲ್ಲ. 1968ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗಳು ಮುಷ್ಕರ ಹೂಡಿ, ಮುಂದಿನ ವರ್ಷದ ಮಾರ್ಚಿನ ತನಕ ಹಟ ಹಿಡಿದು ಕೂತು ತೆಗೆದುಕೊಂಡಿದ್ದು. ಈಗಲೂ ಜಗಳ ನಿಂತಿಲ್ಲ. ಅರಿಜೋನಾ ರಾಜ್ಯ 2010ರಲ್ಲಿ ಇಂಥ ಪಾಠ ಬೇಡ ಅಂತ ಕಾನೂನು ಮಾಡಿ ಟೂಸಾನ್ ಊರಿನ ಶಾಲೆಗಳಲ್ಲಿ ನಿಲ್ಲಿಸಿತು, 2017ರಲ್ಲಿ ಕೋರ್ಟು ಅದು ತಪ್ಪು ಅಂತ ಹೇಳಿತು. ಕ್ಯಾಲಿಫೋರ್ನಿಯಾದಲ್ಲಿ 2021ರಲ್ಲಿ ಹೈಸ್ಕೂಲ್ ಪಾಸಾಗಲು ಇದು ಕಡ್ಡಾಯ ಅಂತ ಕಾನೂನಾಯಿತು, ಆದರೆ 2025ರ ಬಜೆಟ್ಟಿನಲ್ಲಿ ಅದಕ್ಕೆ ದುಡ್ಡೇ ಇಡಲಿಲ್ಲ. ಕಾನೂನು ಇದೆ, ಕಾಸಿಲ್ಲ. ಇದು ನಮ್ಮ ಕಡೆಯ ಕಥೆ ಥರಾನೇ ಇದೆ ಅಲ್ವಾ?

ಒಂದು ವಿಷಯ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಡಿಮೆ ಅಂಕ ಬರುತ್ತಿದ್ದ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಈ ಪಾಠಕ್ಕೆ ಕೂರಿಸಿ ನೋಡಿದಾಗ ಅವರ ಹಾಜರಿ ಶೇಕಡಾ 21 ಅಂಶದಷ್ಟು ಏರಿತು, ಬೇರೆ ವಿಷಯಗಳ ಅಂಕವೂ ಏರಿತು ಅಂತ ಸ್ಟ್ಯಾನ್‌ಫರ್ಡಿನವರು 2017ರಲ್ಲಿ ಪ್ರಕಟಿಸಿದರು. ಆ ಲೆಕ್ಕವನ್ನು ಒಪ್ಪದವರೂ ಇದ್ದಾರೆ. ನನಗೆ ಲೆಕ್ಕಕ್ಕಿಂತ ಹಾಜರಿ ಅನ್ನೋ ಮಾತು ಹಿಡಿಸಿತು. ಮಗು ಶಾಲೆಗೆ ಬರುತ್ತೆ, ಯಾಕಂದರೆ ಅಲ್ಲಿ ತನ್ನ ವಿಷಯ ನಡೆಯುತ್ತಿದೆ.

ನನ್ನದು ಜೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ. ಗೈಡು ಮಾರುತ್ತೇನೆ, ಪ್ರಶ್ನೆಪತ್ರಿಕೆ ಕಾಪಿ ತೆಗೆಯುತ್ತೇನೆ, ಹರಿದ ಪಠ್ಯಪುಸ್ತಕಕ್ಕೆ ಬೈಂಡಿಂಗ್ ಹಾಕುತ್ತೇನೆ. ಹಾಗಾಗಿ ಪುಸ್ತಕದ ಜಗಳ ನನಗೆ ಟಿವಿಗಿಂತ ಮೊದಲು ಕೌಂಟರಿಗೆ ಬರುತ್ತೆ. ಬರಗೂರು ರಾಮಚಂದ್ರಪ್ಪನವರ ಸಮಿತಿ ಮಾಡಿದ ಪುಸ್ತಕ ಇತ್ತು, ಅವರು ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನವರು. 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿ ಅದನ್ನು ತಿದ್ದಿತು, ರಾಜ್ಯವೆಲ್ಲ ಗಲಾಟೆಯಾಯಿತು. 2023ರಲ್ಲಿ ಹೊಸ ಸರ್ಕಾರ ಬಂದು ಕೆಲವು ಪಾಠ ತೆಗೆದು, ಸಾವಿತ್ರಿಬಾಯಿ ಫುಲೆ ಪಾಠ ಮತ್ತೆ ಸೇರಿಸಿತು. ಪುಸ್ತಕ ಆಗಲೇ ಹಂಚಿಯಾಗಿತ್ತು, ಅದಕ್ಕೆ ಬೇರೆ ಪುಸ್ತಿಕೆ ಬಂತು. ನನಗೆ ಜೆರಾಕ್ಸ್ ವ್ಯಾಪಾರ ಚೆನ್ನಾಗೇ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಕೌಂಟರಿಗೆ ಬಂದು ವಾದ ಮಾಡಿದವರೆಲ್ಲ ಯಾವ ದೊಡ್ಡವರು ಪುಸ್ತಕದಲ್ಲಿರಬೇಕು, ಯಾವ ದೊಡ್ಡವರು ಇರಬಾರದು ಅಂತಲೇ ವಾದ ಮಾಡಿದರು. ಸಣ್ಣವರ ಸುದ್ದಿ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ ಬಿಡಿ.

ಇನ್ನು ಕ್ಲಾಸಿಗೆ ಬರುತ್ತೇನೆ.

ಮೊದಲ ಭಾನುವಾರ ಎಲ್ಲಿಗೂ ಹೋಗಲಿಲ್ಲ. ಮೇಷ್ಟ್ರ ಮನೆಯ ಮಹಡಿ ಮೇಲೆ ಚಾಪೆ ಹಾಸಿ ಕೂರಿಸಿದರು. ಇತಿಹಾಸದ ಒಂದು ಪಾಠ ತೆಗೆಯಿರಿ, ಪೆನ್ಸಿಲ್ ತೆಗೆಯಿರಿ ಅಂದರು. "ಹೆಸರಿರೋರಿಗೆಲ್ಲ ಸುತ್ತು ಹಾಕಿ. ಹೆಸರಿಲ್ಲದೆ ಗುಂಪಲ್ಲಿ ಬರೋರಿಗೆ ಅಡಿಗೆರೆ ಹಾಕಿ." ಅಷ್ಟೇ ಕೆಲಸ. ಅರ್ಧ ಗಂಟೆ ಮಕ್ಕಳು ಗೆರೆ ಎಳೆದರು. ರಾಜ, ದಿವಾನ, ಸೇನಾಪತಿ, ಕವಿ, ಇವರಿಗೆಲ್ಲ ಸುತ್ತು. ರೈತರು, ಕೂಲಿಗಳು, ಮಹಿಳೆಯರು, ನೇಕಾರರು, ಹಿಂದುಳಿದವರು, ಜನರು, ಇವರಿಗೆಲ್ಲ ಅಡಿಗೆರೆ. "ನಮ್ಮ ವ್ಯಾಕರಣ ನೋಡ್ರೋ," ಅಂದರು ಮೇಷ್ಟ್ರು, "ನಿಮ್ಮಜ್ಜಿ, ನಿಮ್ಮ ತಾತ ಪುಸ್ತಕಕ್ಕೆ ಬಂದರೆ ಬಹುವಚನದಲ್ಲೇ ಬರೋದು. ಅದು ಗೌರವದ ಬಹುವಚನ ಅಲ್ಲ, ಗುಂಪಿನ ಬಹುವಚನ."

ಇಪ್ಪತ್ತು ವರ್ಷದಿಂದ ಆ ಪುಸ್ತಕಗಳಿಗೆ ಬೈಂಡಿಂಗ್ ಹಾಕಿದ್ದೇನೆ, ನನಗೆ ಒಂದು ದಿನವೂ ಇದು ಹೊಳೆದಿರಲಿಲ್ಲ. ಬರೀ ಈ ಒಂದು ಗಂಟೆಗೆ 2,400 ಕೊಡಬಹುದು ಅನ್ನಿಸಿತು. (ಆಮೇಲೆ ಮನಸ್ಸು ಸ್ವಲ್ಪ ಬದಲಾಯಿತು, ಅದನ್ನೂ ಹೇಳುತ್ತೇನೆ.)

ಎರಡನೇ ವಾರ ವಿದುರಾಶ್ವತ್ಥ. ಗೌರಿಬಿದನೂರು ದಾಟಿ, ಉತ್ತರ ಪಿನಾಕಿನಿ ದಡದಲ್ಲಿ. ನಾವು ಚಿಕ್ಕವರಿದ್ದಾಗಿನಿಂದ ನಾಗರಕಲ್ಲಿನ ಪೂಜೆಗೆ ಹೋಗಿದ್ದೇವೆ. ಮದುವೆಯಾಗಿ ಮಗು ಆಗದಿದ್ದರೆ ಅಲ್ಲಿಗೆ ಹೋಗು ಅಂತಾರೆ. ಅಲ್ಲಿ 1938ರ ಏಪ್ರಿಲ್ 25ರಂದು ಪೊಲೀಸರು ಗುಂಡು ಹಾರಿಸಿದ್ದರು ಅನ್ನೋದು ನನಗೆ ಎಲ್ಲೋ ಒಂದು ಪ್ಯಾರಾದಲ್ಲಿ ಓದಿದ ನೆನಪು, ಅಷ್ಟೇ. ಆಗ ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಬಾರದು ಅಂತ ತಡೆ ಇತ್ತು. ಆ ತಿಂಗಳೇ ಮದ್ದೂರಿನ ಹತ್ತಿರ ಶಿವಪುರದಲ್ಲಿ ಬಾವುಟ ಹಾರಿಸಿದ್ದರು. ಇಲ್ಲಿ ಜಾತ್ರೆ ಸಮಯ, ಜನ ಸಾವಿರಗಟ್ಟಲೆ ಸೇರಿದ್ದರು. ಗುಂಡು ಬಿತ್ತು. ಸತ್ತವರ ಲೆಕ್ಕ ಸರ್ಕಾರ ಹೇಳಿದ್ದು ಕಡಿಮೆ, ಜನ ಹೇಳೋದು ಮೂವತ್ತಕ್ಕೂ ಜಾಸ್ತಿ. ಗಾಂಧೀಜಿ ವಲ್ಲಭಭಾಯಿ ಪಟೇಲರನ್ನೂ ಕೃಪಲಾನಿಯವರನ್ನೂ ಕಳಿಸಿದರು, ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಒಪ್ಪಂದ ಆಯಿತು, ಬಾವುಟ ಹಾರಿಸಲು ಅನುಮತಿ ಸಿಕ್ಕಿತು.

ಮೇಷ್ಟ್ರು ಇಷ್ಟನ್ನು ಹೇಳಿ ಮಕ್ಕಳ ಮುಖ ನೋಡಿದರು. ಒಬ್ಬಳು ತಾನಾಗೇ ಹೇಳಿದಳು, "ಸರ್, ಪಟೇಲರಿಗೆ ಸುತ್ತು. ಮಿರ್ಜಾ ಅವರಿಗೆ ಸುತ್ತು. ಸತ್ತೋರಿಗೆ ಅಡಿಗೆರೆ." ಆಮೇಲೆ ಮಕ್ಕಳನ್ನು ವೀರಸೌಧಕ್ಕೆ ಕರೆದುಕೊಂಡು ಹೋದರು. ಅಲ್ಲಿಂದ ಹೊರಗೆ ಬಂದು ನಾಗರಕಲ್ಲುಗಳ ಮಧ್ಯೆ ಕೂರಿಸಿ, ಜಾತ್ರೆಗೆ ಬಳೆ ಮಾರಲು ಬಂದವಳು, ಕಡಲೆಪುರಿ ಮಾರಲು ಬಂದವನು, ಹರಕೆ ಹೊತ್ತು ಬಂದ ಹೆಂಗಸು, ಇಂಥ ಒಬ್ಬರ ಕಣ್ಣಿನಿಂದ ಆ ದಿನ ಬರೆಯಿರಿ ಅಂದರು. ಕಲ್ಪನೆ ಅಂತ ಮೇಲೆ ದಪ್ಪಕ್ಷರದಲ್ಲಿ ಬರೆಸಿದರು, ನಿಜಕ್ಕೂ ಕಲ್ಪನೆಗೂ ಗೆರೆ ಇರಬೇಕು ಅಂತ. ಆ ಎಚ್ಚರ ನನಗೆ ಇಷ್ಟವಾಯಿತು. ಊಟಕ್ಕೆ ಚಿತ್ರಾನ್ನ, ಮೊಸರನ್ನ. ಸಾಧಾರಣ. ನಿಂಬೆಹುಳಿ ಜಾಸ್ತಿಯಾಗಿತ್ತು.

ಮೂರನೇ ವಾರ ಕೈವಾರ. ಹತ್ತಿರದ ಜಾಗ, ಅರ್ಧ ಗಂಟೆಯೊಳಗೆ ತಲುಪಿದೆವು. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದರೆ ನನ್ನ ಮನೆಯ ವಿಷಯ.

ನಮ್ಮ ಮನೆಯಲ್ಲಿ ತೆಲುಗು. ಚಿಂತಾಮಣಿ, ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು, ಪಾವಗಡ, ಈ ಕಡೆ ಸಾವಿರಾರು ಮನೆಗಳಲ್ಲಿ ಹಾಗೇ. ಒಳಗೆ ತೆಲುಗು, ಹೊರಗೆ ಕನ್ನಡ, ಯಾರಿಗೂ ಅದು ದೊಡ್ಡ ವಿಷಯವೇ ಅಲ್ಲ. ಶಾಲೆಯಲ್ಲಿ ಮಾತ್ರ ಅದು ವಿಷಯ. ನಾನು ಓದುವಾಗ ಕನ್ನಡದ ಮಧ್ಯೆ ಒಂದು ತೆಲುಗು ಮಾತು ಬಂದರೆ ಕೈಗೆ ಸ್ಕೇಲಿನ ಏಟು. ಬೆಂಗಳೂರಿಗೆ ಹೋದರೆ "ನೀವು ಆಂಧ್ರದವರಾ?" ಅಂತಾರೆ. ಆ ಕಡೆ ಮದನಪಲ್ಲಿಗೆ ಹೋದರೆ ನಮ್ಮ ತೆಲುಗು ಕೇಳಿ ನಗುತ್ತಾರೆ. ಕನ್ನಡ ಬೇಡ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಈಗ ಬರೆಯುತ್ತಿರೋದೂ ಕನ್ನಡದಲ್ಲೇ, ಕನಸು ಬೀಳೋದೂ ಅರ್ಧ ಕನ್ನಡದಲ್ಲೇ. ಆದರೆ ಅಮ್ಮನ ಹತ್ತಿರ ಆಡುವ ಮಾತು ತಪ್ಪು ಅಂತ ಆರು ವರ್ಷದ ಮಗುವಿಗೆ ಅನ್ನಿಸಿದರೆ ಆ ಮಗು ಕ್ಲಾಸಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತೆ. ನಾನು ನಾಲ್ಕನೇ ಕ್ಲಾಸಿನ ತನಕ ಮುಚ್ಚಿಕೊಂಡೇ ಇದ್ದೆ.

ಕೈವಾರದ ತಾತಯ್ಯ, ಅಂದರೆ ಯೋಗಿ ನಾರೇಯಣರು, 1726ರಲ್ಲಿ ಹುಟ್ಟಿದವರು. ಬಳೆ ಮಾರಿಕೊಂಡು ಊರೂರು ತಿರುಗಿದವರು. ಅವರು ಪದಗಳನ್ನು ತೆಲುಗಿನಲ್ಲೂ ಹೇಳಿದರು, ಕನ್ನಡದಲ್ಲೂ ಹೇಳಿದರು. ಮೇಷ್ಟ್ರು ಮಕ್ಕಳನ್ನು ಮಂಟಪದ ನೆರಳಲ್ಲಿ ಕೂರಿಸಿ ಕೇಳಿದರು, ತಾತಯ್ಯ ಯಾವ ಭಾಷೆಯ ಕವಿ? ಒಬ್ಬ ಕನ್ನಡ ಅಂದ, ಒಬ್ಬಳು ತೆಲುಗು ಅಂದಳು, ಸ್ವಲ್ಪ ಜೋರು ವಾದವೇ ಆಯಿತು. ಕೊನೆಗೆ ಏಳನೇ ಕ್ಲಾಸಿನ ಪುಟ್ಟ ಹುಡುಗನೊಬ್ಬ, "ಸರ್, ಬಳೆ ತಗೊಳ್ಳೋರು ಯಾವ ಭಾಷೇಲಿ ಕೇಳ್ತಿದ್ರೋ ಆ ಭಾಷೆ" ಅಂದ. ಮೇಷ್ಟ್ರು ಆ ಮಾತಿನ ಮೇಲೆ ಒಂದು ಮಾತೂ ಸೇರಿಸಲಿಲ್ಲ. ಒಳ್ಳೆಯ ಮೇಷ್ಟ್ರಿಗೆ ಸುಮ್ಮನಿರಲೂ ಬರುತ್ತೆ.

ಆವತ್ತು ಮನೆಗೆ ಬಂದ ಮಗಳು ಅವಳ ಅವ್ವನಿಗೆ (ನಮ್ಮ ಅತ್ತೆ, ಅಜ್ಜಿಗೆ ನಮ್ಮ ಕಡೆ ಅವ್ವ ಅಂತಲೇ ಕರೆಯೋದು) ತಾತಯ್ಯನ ವಿಷಯ ಹೇಳಲು ಹೋದಳು. ಅತ್ತೆ ಅವಳನ್ನು ಅರ್ಧಕ್ಕೇ ನಿಲ್ಲಿಸಿ ಮೂರು ಪದ ಹಾಡಿದರು. ಹದಿಮೂರು ವರ್ಷ ಒಂದೇ ಮನೆಯಲ್ಲಿದ್ದ ಮೊಮ್ಮಗಳಿಗೆ ಅವ್ವನಿಗೆ ಇಷ್ಟು ಪದ ಬರುತ್ತೆ ಅಂತ ಗೊತ್ತಿರಲಿಲ್ಲ.

ನಾಲ್ಕನೇ ವಾರ ತಮಟೆ. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ಹೆಸರು ಕೇಳಿರಬಹುದು, ನಮ್ಮ ಜಿಲ್ಲೆಯವರು, ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ಅವರ ಕಥೆ ಹೇಳಿ, ಆಮೇಲೆ ಹತ್ತಿರದ ಒಂದು ಹಳ್ಳಿಯ ಕಾಲೋನಿಗೆ ಕರೆದುಕೊಂಡು ಹೋದರು. ಅಲ್ಲಿಯ ಕಲಾವಿದರೊಬ್ಬರು ಹುಲ್ಲು ಹೊತ್ತಿಸಿ, ತಮಟೆ ಚರ್ಮ ಕಾಯಿಸಿ, ಬೆರಳಲ್ಲಿ ತಟ್ಟಿ ನೋಡಿ, ಆಮೇಲೆ ಶುರು ಮಾಡಿದರು. ಜಾತ್ರೆಗೆ ಒಂದು ಥರ, ಸಾವಿಗೆ ಒಂದು ಥರ. ಮಕ್ಕಳು ಕುಣಿದರು. ಅಲ್ಲಿಯವರೆಗೆ ಎಲ್ಲಾ ಸರಿ.

ಊಟವೂ ಅವರ ಮನೆಯಲ್ಲೇ ಅಂತ ಮೇಷ್ಟ್ರು ಒಂದು ವಾರ ಮೊದಲೇ ಹೇಳಿದ್ದರು. ಶನಿವಾರ ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು, "ನಮ್ಮ ಮಗನಿಗೆ ಹೊಟ್ಟೆ ಸರಿ ಇಲ್ಲ, ಡಬ್ಬಿ ಕಳಿಸುತ್ತೇವೆ." ಹತ್ತು ನಿಮಿಷಕ್ಕೆ ಇನ್ನೊಬ್ಬರ ಮಗಳಿಗೂ ಹೊಟ್ಟೆ ಸರಿ ಇಲ್ಲ. ಚಿಂತಾಮಣಿಯಲ್ಲಿ ಆ ರಾತ್ರಿ ಯಾವ ಕಾಯಿಲೆ ಬಂದಿತ್ತೋ. ಮೇಷ್ಟ್ರು ಒಂದೇ ಸಾಲು ಹಾಕಿದರು. "ಹೊಟ್ಟೆ ಸರಿ ಇಲ್ಲದ ಮಕ್ಕಳು ಮನೆಯಲ್ಲಿ ವಿಶ್ರಾಂತಿ ತಗೊಳ್ಳಲಿ, ಡಬ್ಬಿ ಬೇಡ." ಒಂದು ಮಗು ಬಂತು, ಒಂದು ಬರಲೇ ಇಲ್ಲ, ಆಮೇಲಿನ ವಾರಗಳಿಗೂ ಬರಲಿಲ್ಲ. ಆ ಅಪ್ಪ ಅಂಗಡಿಗೆ ಬಂದಾಗ ನನ್ನ ಹತ್ತಿರ ಹೇಳಿದ್ದು, "ಮಕ್ಕಳಿಗೆ ಈಗಲೇ ಜಾತಿ ಯಾಕೆ ಕಲಿಸಬೇಕು?" ಅಂತ. ಡಬ್ಬಿ ಕಟ್ಟಿದ್ದು ಯಾರು ಸ್ವಾಮಿ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಗಿರಾಕಿ. ನಮ್ಮ ಮನೆಯಲ್ಲೂ ಆ ಶನಿವಾರ ರಾತ್ರಿ ಮಾತು ಆಗಿತ್ತು ಅನ್ನೋದನ್ನೂ ಇಲ್ಲೇ ಬರೆದುಬಿಡುತ್ತೇನೆ, ಬರೀ ಬೇರೆಯವರ ಡಬ್ಬಿ ತೋರಿಸಿದರೆ ನ್ಯಾಯ ಅಲ್ಲ. ಊಟ ಮುದ್ದೆ, ಹುರುಳಿಕಾಳಿನ ಸಾರು. ಆರು ವಾರದಲ್ಲಿ ಒಳ್ಳೆಯ ಊಟ ಅಂದರೆ ಅದೇ.

ಈಗ ದೂರು.

ಅದೇ ದಿನ ವಾಪಸ್ಸು ಬರುವಾಗ ವ್ಯಾನಿನಲ್ಲಿ ಹತ್ತನೇ ಕ್ಲಾಸಿನ ಹುಡುಗಿ ಕೇಳಿದಳು, "ಸರ್, ಕಂಬಾಲಪಲ್ಲಿ ಅಂದರೆ ಏನಾಗಿತ್ತು?" ಮೇಷ್ಟ್ರು ಕಿಟಕಿ ಕಡೆ ನೋಡಿದರು. "ಅದು ಇನ್ನೊಂದು ದಿನ ಮಾತಾಡೋಣ." ಆ ಇನ್ನೊಂದು ದಿನ ಬರಲೇ ಇಲ್ಲ. ಕಂಬಾಲಪಲ್ಲಿ ನಮ್ಮ ತಾಲ್ಲೂಕೇ. 2000ದ ಮಾರ್ಚ್ 11ರಂದು ಅಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ನಾನಾಗ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದೆ. ಊರೆಲ್ಲ ಪೊಲೀಸರು, ಶಾಲೆಯಲ್ಲಿ ಮಾತ್ರ ಒಬ್ಬ ಟೀಚರೂ ಒಂದು ಮಾತು ಆಡಲಿಲ್ಲ. ಮಾದರಿ ಪ್ರಶ್ನೆಪತ್ರಿಕೆ ಬಿಡಿಸುತ್ತಾ ಕೂತಿದ್ದೆವು.

ಮೇಷ್ಟ್ರ ಕಷ್ಟ ನನಗೆ ಅರ್ಥವಾಗುತ್ತೆ. ಆ ವ್ಯಾನಿನಲ್ಲಿ ಎಲ್ಲಾ ಜಾತಿಯ ಮಕ್ಕಳಿದ್ದರು, ಜೊತೆಗೆ ಇಬ್ಬರು ಪೋಷಕರು, ಡಬ್ಬಿ ಗಲಾಟೆ ಆಗಿ ಇನ್ನೂ ಒಂದು ದಿನವೂ ಕಳೆದಿರಲಿಲ್ಲ. ಹದಿಮೂರು ವರ್ಷದ ಮಕ್ಕಳಿಗೆ ಇದನ್ನು ಹೇಗೆ ಹೇಳಬೇಕು ಅಂತ ನನಗೂ ಗೊತ್ತಿಲ್ಲ. ಆದರೆ ಹೆಸರಿಲ್ಲದವರಿಗೆ ಗೆರೆ ಎಳೆಯಿರಿ ಅಂತ ಪೆನ್ಸಿಲ್ ಕೊಟ್ಟವರು ಇವರೇ ಅಲ್ವಾ. 1938ರ ಗುಂಡೇಟಿಗೆ ಒಂದು ಇಡೀ ಭಾನುವಾರ, ನನ್ನ ಕಣ್ಣೆದುರೇ ಆದದ್ದಕ್ಕೆ ಕಿಟಕಿ. ಕೊಂದವರು ಬ್ರಿಟಿಷರ ಕಾಲದ ಪೊಲೀಸರಾದರೆ ಪಾಠ ಸುಲಭ. ಕೊನೆಗೆ ಆ ಹುಡುಗಿಗೆ ಉತ್ತರ ಕೊಟ್ಟಿದ್ದು ಅವಳ ಫೋನು, ಅದೂ ಅರ್ಧಂಬರ್ಧ. ಇದನ್ನು ಮೇಷ್ಟ್ರಿಗೆ ನೇರವಾಗೇ ಹೇಳಿದ್ದೇನೆ. "ನನಗೆ ಧೈರ್ಯ ಸಾಲಲಿಲ್ಲಮ್ಮ" ಅಂದರು. ಆ ಉತ್ತರಕ್ಕೆ ಅರ್ಧ ಅಂಕ ವಾಪಸ್ಸು ಕೊಡುತ್ತೇನೆ.

ಐದನೇ ವಾರ ಕೆಜಿಎಫ್. ಇದಕ್ಕೆ ನಾನು ತುಂಬಾ ಆಸೆ ಇಟ್ಟುಕೊಂಡಿದ್ದೆ, ಆದರೆ ದಾರಿಯಲ್ಲೇ ಹೊತ್ತು ಹೋಗಿ ಅಲ್ಲಿ ಸಿಕ್ಕಿದ್ದು ಒಂದೂವರೆ ಗಂಟೆ. ಮಕ್ಕಳಿಗೆಲ್ಲ ಸಿನಿಮಾ ಗೊತ್ತು. ಗಣಿ ಗೊತ್ತಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದದ್ದು, 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದು ಬೆಂಗಳೂರಿಗಿಂತ ಮೂರು ವರ್ಷ ಮೊದಲೇ ಇಲ್ಲಿ ಕರೆಂಟು ಕೊಟ್ಟದ್ದು, ಚಾಂಪಿಯನ್ ರೀಫಿನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದದ್ದು, 2001ರ ಫೆಬ್ರವರಿ 28ಕ್ಕೆ ಬೀಗ ಬಿದ್ದದ್ದು, ಎಲ್ಲಾ ಮೇಷ್ಟ್ರು ಹೇಳಿದರು. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯಿಂದ ಬಂದು ಕೆಳಗೆ ಇಳಿದವರಲ್ಲಿ ಹೆಚ್ಚಿನವರು ತಮಿಳು ಮಾತಾಡುವ ದಲಿತರು. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿ, ಸೈನೈಡ್ ಗುಡ್ಡ ಅಂತಾರೆ, ಅದರ ಎದುರು ನಿಂತು ಹಳೆಯ ಗಣಿ ಕಾರ್ಮಿಕರೊಬ್ಬರು ತಮಿಳಿನಲ್ಲಿ ಮಾತಾಡಿದರು. ಒಳಗೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯೋದು, ಧೂಳು ಕುಡಿದು ಎದೆ ಕಲ್ಲಾಗೋದು. ನಮ್ಮ ಗುಂಪಿನ ಒಬ್ಬ ಹುಡುಗನ ಅಮ್ಮ ಆಂಡರ್ಸನ್‌ಪೇಟೆಯವರು. ಅವನೇ ಕನ್ನಡಕ್ಕೆ ಮಾಡಿ ಹೇಳಿದ. ಅಲ್ಲಿಯವರೆಗೆ ಆ ಹುಡುಗನಿಗೆ ತಮಿಳು ಬರುತ್ತೆ ಅಂತ ಅವನ ಗೆಳೆಯರಿಗೇ ಗೊತ್ತಿರಲಿಲ್ಲವಂತೆ, ಮುಚ್ಚಿಟ್ಟಿದ್ದ.

ಆದರೆ ಗಣಿ ಮನೆಗಳ ಹೆಂಗಸರ ಒಂದು ಮಾತೂ ಬರಲಿಲ್ಲ. ಸುತ್ತಮುತ್ತ ಬಿಂದಿಗೆ ಹಿಡಿದು ಹೋಗುತ್ತಿದ್ದವರೆಲ್ಲ ಹೆಂಗಸರೇ, ಅವರನ್ನು ಕೂರಿಸಿ ಕೇಳಬಹುದಿತ್ತು. ಯೋಚಿಸಿದರೆ ಆರೂ ವಾರ ನಮಗೆ ಮಾತಾಡಲು ಸಿಕ್ಕವರು ಗಂಡಸರೇ.

ಆರನೇ ವಾರ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರು. ಹೈದರಾಲಿ ಹುಟ್ಟಿದ ಬೂದಿಕೋಟೆ, ಕೋಲಾರದಲ್ಲಿ ಹೈದರನ ತಂದೆಯ ಗೋರಿ ಇರುವ ಮಕ್ಬರ, ಕೋಲಾರಮ್ಮ, ಕೊನೆಗೆ ಸಂಜೆ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರ. ಮಕ್ಕಳು ಸುಸ್ತಾಗಿ ಅರ್ಧ ನಿದ್ದೆಯಲ್ಲಿದ್ದರು. ಆದಿಮಕ್ಕೆ ಹುಣ್ಣಿಮೆ ರಾತ್ರಿ ಹೋಗಬೇಕು, ಹಾಡು ನಾಟಕ ಇರುತ್ತೆ. ಹಗಲು ಹೋದರೆ ಬೆಟ್ಟ ನೋಡಿಕೊಂಡು ಬರಬೇಕು.

ಮಕ್ಬರದ ಹತ್ತಿರ ಒಂದು ತಪ್ಪಾಯಿತು, ಸಣ್ಣದಲ್ಲ. ಗುಂಪಿನಲ್ಲಿ ಒಬ್ಬನೇ ಮುಸ್ಲಿಂ ಹುಡುಗ. ಮೇಷ್ಟ್ರು ಪ್ರೀತಿಯಿಂದಲೇ, "ಇಲ್ಲಿಯದು ನೀನೇ ಹೇಳಪ್ಪ, ನಿಮ್ಮೋರದ್ದಲ್ವಾ" ಅಂದರು. ಹುಡುಗನ ಮುಖ ಕೆಂಪಾಯಿತು. "ನನಗೂ ಗೊತ್ತಿಲ್ಲ ಸರ್, ನಮ್ಮಪ್ಪಂದು ಟೊಮೆಟೊ ಮಂಡಿ" ಅಂದ. ಎಲ್ಲರೂ ನಕ್ಕರು, ಅವನೂ ನಕ್ಕ, ಆದರೆ ಆಮೇಲೆ ವ್ಯಾನಿನ ಹಿಂದಿನ ಸೀಟಿಗೆ ಹೋಗಿ ಕೂತ. ಪಾಠದಲ್ಲಿ ಎಲ್ಲರೂ ಇರಬೇಕು ಅನ್ನೋದು ಸರಿ. ಅದಕ್ಕೆ ಹದಿನಾಲ್ಕು ವರ್ಷದ ಮಗುವನ್ನು ಇಡೀ ಸಮುದಾಯದ ವಕೀಲನನ್ನಾಗಿ ನಿಲ್ಲಿಸಬಾರದು. ಹೈದರಾಲಿ ಕೋಲಾರದ ಜಿಲ್ಲೆಯಲ್ಲಿ ಹುಟ್ಟಿದವನು, ಹಾಗಾದರೆ ಅವನು ಆ ವ್ಯಾನಿನಲ್ಲಿದ್ದ ಎಲ್ಲರವನೂ ಹೌದಲ್ವಾ? ಆ ಹುಡುಗನಿಗೆ ಹೈದರನಿಗಿಂತ ಕ್ರಿಕೆಟ್ ಇಷ್ಟ ಇರಬಹುದು. ಇರಲಿ ಬಿಡಿ, ಅವನಿಷ್ಟ.

ದುಡ್ಡಿನ ಲೆಕ್ಕ ಹೇಳಿದರೆ, ಆರು ದಿನಕ್ಕೆ 2,400 ಜಾಸ್ತಿ ಅಲ್ಲ. ಮೇಷ್ಟ್ರಿಗೆ ಕೈಗೆ ಏನೂ ಉಳಿಯಲ್ಲ ಅಂತ ಡ್ರೈವರ್ ಹೇಳಿದ. ಆದರೆ ಕಾಲೋನಿಯ ತಮಟೆ ಕಲಾವಿದರ ಮಗಳೂ ಎಂಟನೇ ಕ್ಲಾಸು, ಅವಳು ಈ ಗುಂಪಿನಲ್ಲಿ ಇರಲಿಲ್ಲ. ಅವಳ ಮನೆಯಲ್ಲಿ ಊಟ ಮಾಡಿ, ಅವಳಪ್ಪನ ಕಥೆ ಕೇಳಿ, ನಾವು ವ್ಯಾನು ಹತ್ತಿ ಬಂದೆವು. ಇದಕ್ಕೇ ಇದು ಶಾಲೆಯಲ್ಲೇ ಆಗಬೇಕು ಅನ್ನೋದು. ಸರ್ಕಾರಿ ಶಾಲೆಗಳಲ್ಲಿ ಬ್ಯಾಗ್ ಇಲ್ಲದ ಶನಿವಾರ ಅಂತ ಹೇಗೂ ಮಾಡಿದ್ದಾರೆ. ಅದರಲ್ಲಿ ಒಂದೆರಡು ಶನಿವಾರ ಈ ಪೆನ್ಸಿಲ್ ಪಾಠ ಮಾಡಲು ವ್ಯಾನೂ ಬೇಡ, ದುಡ್ಡೂ ಬೇಡ. ಮೇಷ್ಟ್ರು ಎರಡು ಶಾಲೆಗಳಲ್ಲಿ ಕೇಳಿದರಂತೆ. ಸಿಲೆಬಸ್ ಮುಗಿದಿಲ್ಲ ಅಂದರಂತೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕೈವಾರ ಮತ್ತು ಮೊದಲ ದಿನಕ್ಕೆ ಐದಕ್ಕೆ ಐದು. ಕೆಜಿಎಫ್‌ಗೆ ಎರಡು. ವ್ಯಾನಿನ ಹಿಂದಿನ ಸೀಟು ಕುಲುಕುತ್ತೆ, ವಾಂತಿ ಮಾಡುವ ಮಕ್ಕಳನ್ನು ಮುಂದೆ ಕೂರಿಸಿ. ಮುಂದಿನ ಗುಂಪು ಬೇಸಿಗೆ ರಜೆಯಲ್ಲಿ. ಟೋಪಿ, ಎರಡು ಬಾಟಲಿ ನೀರು, ಪೆನ್ಸಿಲ್. ಡಬ್ಬಿ ತರುವ ಹಾಗಿಲ್ಲ. ಸೇರಿಸುವವರು ಕಂಬಾಲಪಲ್ಲಿ ಯಾವ ವಾರ ಅಂತ ಮೊದಲೇ ಕೇಳಿ. ನಾಲ್ಕು ಜನ ಕೇಳಿದರೆ ಮೇಷ್ಟ್ರಿಗೂ ಧೈರ್ಯ ಬರುತ್ತೆ.

ಒಂದು ಬಿಟ್ಟೆ. ಕೊನೆಗೆ ಪ್ರತಿ ಮಗು ಮನೆಯವರೊಬ್ಬರ ಬಗ್ಗೆ ಹದಿನಾರು ಪುಟದ ನೋಟ್‌ಬುಕ್ ಬರೆಯಬೇಕು. ನನ್ನ ಮಗಳು ಅವಳ ಅವ್ವನನ್ನು ಆರಿಸಿಕೊಂಡಳು. ನಮ್ಮ ಅತ್ತೆ ಶಿಡ್ಲಘಟ್ಟದಲ್ಲಿ ಹುಡುಗಿಯಾಗಿದ್ದಾಗ ಚರಕದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರು. ಕುದಿಯುವ ನೀರಲ್ಲಿ ಗೂಡು, ಆ ನೀರಲ್ಲಿ ಬೆರಳು, ದಿನವೆಲ್ಲ. ಬೆರಳ ತುದಿಯ ಚರ್ಮ ಸುಲಿದು ಬರುತ್ತಿತ್ತಂತೆ, ರಾತ್ರಿ ಊಟ ಮಾಡುವಾಗ ಖಾರ ಮುಟ್ಟಲು ಆಗುತ್ತಿರಲಿಲ್ಲವಂತೆ. ಸೊಸೆಯಾಗಿ ಹದಿನಾರು ವರ್ಷ ಆಯಿತು, ಅವರು ಯಾಕೆ ಸಾರಿಗೆ ಖಾರ ಕಮ್ಮಿ ಹಾಕುತ್ತಾರೆ ಅಂತ ನಾನು ಕೇಳಿದ್ದೇ ಇಲ್ಲ, ಬರೀ ಗೊಣಗಿದ್ದೇನೆ.

ಮಗಳು ಓದಿ ಹೇಳಿದಾಗ ಅತ್ತೆ ಎರಡು ಕಡೆ ತಪ್ಪು ಹಿಡಿದರು. ಕೂಲಿ ದಿನಕ್ಕಲ್ಲ, ವಾರಕ್ಕೆ. ಶೆಡ್ಡಿಗೆ ಕಿಟಕಿ ಇತ್ತು ಅಂತ ಬರೆದಿದ್ದೀಯ, ಇರಲಿಲ್ಲ. ಅದನ್ನು ತಿದ್ದಿಸಿ, ಮೇಲೆ ತಮ್ಮ ಹೆಸರು ಪೂರ್ತಿ ಬರೆಸಿ, ಆಮೇಲೆ ನನ್ನ ಕಡೆ ತಿರುಗಿ ಶಿಡ್ಲಘಟ್ಟದಲ್ಲಿರುವ ತಂಗಿಗೆ ಒಂದು, ಜೊತೆಗೆ ಕೆಲಸ ಮಾಡಿದವರಿಗೆ ಒಂದೊಂದು ಅಂತ ಲೆಕ್ಕ ಹಾಕಿ ಹನ್ನೆರಡು ಜೆರಾಕ್ಸ್ ಕೇಳಿದರು. ಸ್ಪೈರಲ್ ಬೈಂಡಿಂಗ್ ಸಹಿತ. ದುಡ್ಡು ಇನ್ನೂ ಕೊಟ್ಟಿಲ್ಲ.